ಕಂಡದ್ದು, ಕೇಳಿದ್ದು, ಊಹಿಸಿದ್ದು

"ಅರ್ಜೀಲಿ ಒಂದು ಜಾಗ ಖಾಲಿ ಬಿಟ್ಟಿದ್ದೀರಿ."

ಮೇಜಿನ ಆಚೆ ಕುಳಿತವನು ತಲೆ ಎತ್ತದೆಯೇ ಹೇಳಿದ.

"ಯಾವುದು ಸರ್?"

"ತಂದೆಯ ಉದ್ಯೋಗ."

ಅವಳು ಗೋಡೆಯ ಕಡೆ ನೋಡಿದಳು. ಅದು ಸಫಾರಿ ಗೈಡುಗಳ ಸಂಘದ ಕಚೇರಿ. ಗೋಡೆಯ ತುಂಬ ಸದಸ್ಯರ ಫೋಟೋಗಳು. ಮೂರನೇ ಸಾಲಿನಲ್ಲಿ ಮಾತ್ರ ಒಂದು ಮೊಳೆ ಬರಿದಾಗಿ ನಿಂತಿತ್ತು. ಅದರ ಮೇಲಿದ್ದ ಫೋಟೋ ಯಾರದು ಅಂತ ಅವಳಿಗೆ ಗೊತ್ತಿತ್ತು.

"ಬರ್ಕೊಳ್ಳಿ... ಗೈಡ್. ಒಂಬತ್ತು ವರ್ಷದ ಹಿಂದಿನವರೆಗೆ."

ಪೆನ್ನು ನಿಂತಿತು. ಅವನು ಈಗ ತಲೆ ಎತ್ತಿದ. ಅವಳ ಮುಖದಲ್ಲಿ ಬೇರೆ ಯಾರನ್ನೋ ಹುಡುಕುವವನ ಹಾಗೆ ನೋಡಿದ. ಆಮೇಲೆ 'ತರಬೇತಿಗೆ ಸೇರಿಸಿಕೊಳ್ಳಲಾಗಿದೆ' ಎಂದು ಬರೆದು ಸಹಿ ಹಾಕಿದ. ಸಹಿಯ ಕೊನೆಯ ಗೆರೆ ಗಾಳದ ಕೊಕ್ಕೆಯಂತೆ ಕೆಳಗೆ ಬಾಗಿತ್ತು.

ಆ ಸಹಿ!

ಅಪ್ಪನ ಪೆಟ್ಟಿಗೆಯ ತಳದಲ್ಲಿ ಒಂದು ಹಾಳೆ ಇತ್ತು. ಅದರಲ್ಲಿದ್ದದ್ದು ಒಂದೇ ಸಾಲು: 'ಗೈಡ್ ಜೀಪಿನಿಂದ ಕೆಳಗಿಳಿದರು.' ಅದರ ಕೆಳಗೆ ಇದೇ ಕೊಕ್ಕೆ. ಅಪ್ಪನ ಕಾಲನ್ನು ಆನೆ ತೆಗೆಯಿತು, ಹೆಸರನ್ನು ಆ ಸಾಲು ತೆಗೆಯಿತು. ಕಾಡಿನಲ್ಲಿ ಜೀಪಿನಿಂದ ಇಳಿದ ಗೈಡಿಗೆ ಸಂಘದಲ್ಲಿ ಜಾಗವಿಲ್ಲ.

"ಆ ಸಾಲು ಬರೆದದ್ದು... ನೀವೇನಾ?"

ಯಾವ ಸಾಲು ಅಂತ ಅವನು ಕೇಳಲಿಲ್ಲ.

"ಹೌದು. ಆಗ ನಾನು ಅವರ ಹತ್ತಿರ ಕಲೀತಿದ್ದೆ. ಈಗ ಇಲ್ಲಿ ಕಲಿಸ್ತೀನಿ. ಕಷ್ಟ ಅನ್ನಿಸಿದರೆ ನಿಮ್ಮನ್ನ ಬೇರೆ ತಂಡಕ್ಕೆ ಹಾಕ್ತೀನಿ."

"ಬೇಡ. ನಿಮ್ಮ ಹತ್ತಿರವೇ ಕಲೀತೀನಿ. ಬ್ಯಾಡ್ಜ್ ತಗೊಂಡೇ ಮನೆಗೆ ಹೋಗ್ತೀನಿ. ನನ್ನ ಮೇಲೂ ಒಂದು ಸಾಲು ಬರೀರಿ ನೋಡೋಣ!"

ಮನೆಯಲ್ಲಿ ಅಪ್ಪ ಕಿಟಕಿ ಪಕ್ಕ ಕೂತು ಯಾರದೋ ದುರ್ಬೀನು ರಿಪೇರಿ ಮಾಡುತ್ತಿದ್ದರು. ವಿಷಯ ಕೇಳಿ ಅದನ್ನು ಮಡಿಲಿಗಿಳಿಸಿದರು.

"ಅವನಾ? ಒಳ್ಳೇ ಹುಡುಗ. ಚೆನ್ನಾಗಿ ಕಲಿಸ್ತಾನೆ."

"ಅಪ್ಪಾ! ನಿಮಗೆ ಸಿಟ್ಟೇ ಬರಲ್ವಾ?"

ಅಪ್ಪ ದುರ್ಬೀನನ್ನು ಮತ್ತೆ ಕೈಗೆತ್ತಿಕೊಂಡರು. ಗಾಜು ಒರೆಸುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು.

ತರಬೇತಿಯಲ್ಲಿ ಎಲ್ಲರೂ ಅವನನ್ನು ಕಾಲಂ ಮೇಷ್ಟ್ರು ಅನ್ನುತ್ತಿದ್ದರು. ಕಾರಣ ಜೀಪಿನ ಪುಸ್ತಕ. ಒಂದೊಂದು ಸುತ್ತು ಮುಗಿದ ಮೇಲೂ ಗೈಡ್ ಅದನ್ನು ತುಂಬಬೇಕು. ಅದರಲ್ಲಿ ಮೂರು ಕಾಲಂ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಮೂರನ್ನು ಕಲೆಸುವ ಹಾಗಿಲ್ಲ.

"ಚಿರತೆ ದಾಟಿತು ಅಂತ ಮೊದಲನೇ ಕಾಲಮ್ಮಲ್ಲಿ ಬರೆದಿದ್ದೀರಿ. ಚಿರತೆ ಕಂಡಿರಾ?"

"ಹೆಜ್ಜೆ ಕಂಡೆ."

"ಹಾಗಾದರೆ ಕಂಡದ್ದು ಹೆಜ್ಜೆ. ಚಿರತೆ ಊಹೆ. ಹೊಡೆದುಹಾಕಿ ಬರೀರಿ."

ಅವಳ ಮುಖ ಕೆಂಪಾಯಿತು. ಪಕ್ಕದಲ್ಲಿದ್ದ ಲಾರಿ ಅಣ್ಣ ಕೈ ಎತ್ತಿದ. ಇಪ್ಪತ್ತು ವರ್ಷ ಲಾರಿ ಓಡಿಸಿ ಬೇಸತ್ತು ಗೈಡಾಗಲು ಬಂದಿದ್ದ ಅವನು.

"ಸರ್, ನನ್ನ ಹೆಂಡ್ತಿ ಬೆಳಗ್ಗೆಯಿಂದ ಸಿಟ್ಟಾಗಿದ್ದಾಳೆ. ಇದು ಯಾವ ಕಾಲಂ?"

"ಪಾತ್ರೆ ಸದ್ದು ಮಾಡಿದರೆ ಎರಡನೇದು. ಮಾಡದಿದ್ದರೆ ಮೂರನೇದು. ಅದು ಇನ್ನೂ ಅಪಾಯ."

ಎಲ್ಲರೂ ನಕ್ಕರು. ಅವಳೂ ನಕ್ಕುಬಿಟ್ಟಳು... ಆಮೇಲೆ ನಕ್ಕಿದ್ದಕ್ಕೆ ತುಟಿ ಕಚ್ಚಿಕೊಂಡಳು.

ದ್ವೇಷ ಸಾಕುವುದು ಸುಲಭದ ಕೆಲಸವಲ್ಲ. ದಿನಾ ಮೇವು ಹಾಕಬೇಕು. ಇವನೋ, ಹಾಕುವುದಕ್ಕೆ ಒಂದು ಹಿಡಿ ಮೇವೂ ಕೊಡುತ್ತಿರಲಿಲ್ಲ. ಸುಳ್ಳು ಹೇಳುತ್ತಿರಲಿಲ್ಲ, ಯಾರನ್ನೂ ಹೀಯಾಳಿಸುತ್ತಿರಲಿಲ್ಲ. ಒಂದು ಬೆಳಗ್ಗೆ ಅವಳ ದುರ್ಬೀನಿನ ಪಟ್ಟಿ ಕಿತ್ತುಹೋದಾಗ ಕೇಳದೆಯೇ ತೆಗೆದುಕೊಂಡು ಗಂಟು ಹಾಕಿಕೊಟ್ಟ. ಎರಡು ಸುತ್ತು, ಒಳಗಿನಿಂದ ಒಂದು ಎಳೆ. ಆ ಗಂಟು ಅವಳು ಹುಟ್ಟಿದಾಗಿನಿಂದ ನೋಡಿದ್ದು.

"ಇದು ಅಪ್ಪನ ಗಂಟು!"

"ಅವರೇ ಕಲಿಸಿದ್ದು. ಇವತ್ತಿನವರೆಗೆ ಬಿಚ್ಚಿಲ್ಲ."

ಅವನ ದನಿಯಲ್ಲಿ ಏನೋ ಇತ್ತು. ಅವಳು ದುರ್ಬೀನನ್ನು ಎದೆಗೊತ್ತಿಕೊಂಡು ಆಚೆ ನಡೆದಳು.

'ಮನಸ್ಸೇ, ನಿನಗೆ ಈ ಭೂಮಿ ಮೇಲೆ ಬೇರೆ ಯಾರೂ ಸಿಗಲಿಲ್ವಾ?'

ಕೊನೆಯ ಪರೀಕ್ಷೆಯ ದಿನ ಬಂತು. ಗೈಡ್ ಅವಳು. ಹಿಂದಿನ ಸೀಟಿನಲ್ಲಿ ಪರೀಕ್ಷಕನಾಗಿ ಅವನು. ನಡುವೆ ಒಂದು ಕುಟುಂಬ, ಜೊತೆಗೆ ಬಿಳಿ ಕೂದಲಿನ ಒಬ್ಬ ಅಜ್ಜಿ. ಹೊರಡುವ ಮೊದಲು ಅವಳು ನಿಯಮಗಳನ್ನೆಲ್ಲ ಒಂದೂ ಬಿಡದೆ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಅಜ್ಜಿ ಎಲ್ಲರಿಗಿಂತ ಜೋರಾಗಿ ಆಡಿಸಿದರು.

ತಿರುವಿನಲ್ಲಿ ತಾಯಿ ಆನೆ, ಅದರ ಕಾಲ ಬಳಿ ಮರಿ. ಡ್ರೈವರ್ ಜೀಪು ನಿಲ್ಲಿಸಿ ಎಂಜಿನ್ ಆರಿಸಿದ. ಯಾರೂ ಉಸಿರೆತ್ತಲಿಲ್ಲ.

ಆಗ ಪಕ್ಕದ ಬಾಗಿಲು ಟಪ್ ಎಂದಿತು.

"ಬಂದುಬಿಟ್ವಾ? ಇಲ್ಲೇನಾ ಟೀ ಕೊಡೋದು?"

ಅಜ್ಜಿ ಕೆಳಗಿಳಿದು ಸೀರೆ ಕೊಡವಿಕೊಳ್ಳುತ್ತಿದ್ದರು! ಆನೆಯ ಕಡೆ ಬೆನ್ನು.

"ಅಜ್ಜೀ, ಹತ್ತಿ!" ಅವಳು ಪಿಸುಗುಟ್ಟಿದಳು. ಅಜ್ಜಿ ತಿರುಗಲೇ ಇಲ್ಲ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಆನೆಯ ಕಿವಿಗಳು ಅಗಲವಾದವು. ಒಂದು ಹೆಜ್ಜೆ... ಇನ್ನೊಂದು...

ಅವಳು ಇಳಿದಳು. ಯೋಚಿಸಲಿಲ್ಲ. ಅಜ್ಜಿಯ ಸೊಂಟ ಹಿಡಿದು ಎತ್ತಿದಳು. ಮೇಲಿನಿಂದ ಅವನ ಎರಡು ಕೈ ಬಂದು ಮೊದಲು ಅಜ್ಜಿಯನ್ನು, ಆಮೇಲೆ ಅವಳನ್ನು ಒಳಗೆಳೆದುಕೊಂಡವು. ನುಗ್ಗಿ ಬಂದ ಆನೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಧೂಳೆಬ್ಬಿಸಿ, ಮರಿಯನ್ನು ಕರೆದುಕೊಂಡು ಹೋಯಿತು.

ಕಚೇರಿಗೆ ಬಂದ ಮೇಲೆ ಪುಸ್ತಕ ಮೇಜಿನ ಮೇಲಿತ್ತು. ಇಬ್ಬರೇ ಇದ್ದರು. ಅವನು ಪೆನ್ನು ತೆರೆದು, ಮತ್ತೆ ಮುಚ್ಚಿಟ್ಟ.

"ನಾನು ಆನೆ ಕಡೆ ನೋಡ್ತಿದ್ದೆ," ಅಂದ. "ನೀವು ಇಳಿದದ್ದು... ನನಗೆ ಕಾಣಲಿಲ್ಲ."

ಅವಳಿಗೆ ನಂಬಲಾಗಲಿಲ್ಲ. "ನನ್ನನ್ನ ಮೇಲಕ್ಕೆ ಎಳೆದದ್ದು ಯಾರ ಕೈ ಸರ್?"

"ಒಂಬತ್ತು ವರ್ಷದಿಂದ ಒಂದು ಸಾಲು ಹೊತ್ತಿದ್ದೀನಿ. ಇನ್ನೊಂದು ಬರೆಯೋಕೆ ನನ್ನ ಕೈಲಿ ಆಗಲ್ಲ. ಅದೂ ನಿಮ್ಮ ಮೇಲೆ..."

"ನನ್ನಪ್ಪನಿಗೊಂದು ನ್ಯಾಯ, ನನಗೊಂದು ನ್ಯಾಯಾನಾ?"

ಅವಳು ಪುಸ್ತಕ ಎಳೆದುಕೊಂಡಳು. ಬ್ಯಾಡ್ಜ್ ಕಣ್ಣ ಮುಂದೆ ಬಂತು, ಬರಿಯ ಮೊಳೆ ಕಣ್ಣ ಮುಂದೆ ಬಂತು. ಆದರೂ ಮೊದಲ ಕಾಲಮ್ಮಿನಲ್ಲಿ ಬರೆದಳು: 'ನಾನು ಜೀಪಿನಿಂದ ಕೆಳಗಿಳಿದೆ. ಅಜ್ಜಿಗೆ ಕಿವಿ ಕೇಳಿಸುವುದಿಲ್ಲ ಎಂದು ಹೊರಡುವ ಮೊದಲೇ ತಿಳಿದುಕೊಳ್ಳದೆ ಹೋದದ್ದು ನನ್ನ ತಪ್ಪು.' ಸಹಿ ಹಾಕಿ, ಹಿಂದಿರುಗಿ ನೋಡದೆ ಹೊರಟಳು.

ಮನೆಗೆ ಬಂದು ಅಪ್ಪನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಎಲ್ಲವನ್ನೂ ಹೇಳಿದಳು. ಅಪ್ಪ ಬಹಳ ಹೊತ್ತು ಅವಳ ತಲೆ ಸವರಿದರು.

"ಮಗಳೇ... ನೀನು ಒಂದು ಜೀವ ಉಳಿಸೋಕೆ ಇಳಿದೆ. ನಾನು ಯಾಕೆ ಇಳಿದೆ ಗೊತ್ತಾ?"

ಅವಳು ತಲೆ ಎತ್ತಿದಳು.

"ಫೋಟೋಗೆ ಒಂದು ಕೊಂಬೆ ಅಡ್ಡ ಬರ್ತಿದೆ ಅಂದರು ಸಫಾರಿಗೆ ಬಂದವರು. ಅದನ್ನ ಸರಿಸೋಕೆ. ಇಪ್ಪತ್ತು ವರ್ಷದ ಅನುಭವ, ನನಗೇನಾಗುತ್ತೆ ಅನ್ನೋ ಜಂಬ. ಆ ಹುಡುಗ ಆಸ್ಪತ್ರೆಗೆ ಬಂದು, ಬರೆಯಲ್ಲ ಅಂತ ಅತ್ತ. ಬರಿಯೋ, ಬರೀದಿದ್ರೆ ನಾಳೆ ಇನ್ನೊಬ್ಬ ಇಳೀತಾನೆ ಅಂತ ನಾನೇ ಬರೆಸಿದೆ."

"ನನಗ್ಯಾಕೆ ಹೇಳಲಿಲ್ಲಪ್ಪ?"

"ಮಗಳ ಕಣ್ಣಲ್ಲಿ ದೊಡ್ಡವನಾಗೇ ಇರೋಣ ಅಂತ ಆಸೆ. ಅದಕ್ಕೆ ಅವನನ್ನ ಚಿಕ್ಕವನು ಮಾಡಿದೆ. ತಪ್ಪಾಯ್ತಮ್ಮ..."

ಮರುದಿನ ಅವಳು ಓಡೋಡಿ ಕಚೇರಿಗೆ ಹೋದಳು. ಅವನಿರಲಿಲ್ಲ. ಸಂಘದ ಕಾರ್ಯದರ್ಶಿ ಮೇಡಂ ಕನ್ನಡಕ ಏರಿಸಿದರು.

"ನಿನ್ನ ಬರಹ ಓದಿದೆ. ಅಜ್ಜಿ ಉಳಿದಳು, ಸಂತೋಷ. ಆದರೂ ನಿಯಮ ನಿಯಮವೇ. ತರಬೇತೀಲಿ ಇರೋದ್ರಿಂದ ಹೊರಗೆ ಹಾಕಲ್ಲ, ಬ್ಯಾಡ್ಜೂ ಈಗ ಕೊಡಲ್ಲ. ನಾಲ್ಕು ತಿಂಗಳ ಮೇಲೆ ಮರುಪರೀಕ್ಷೆ. ಪರೀಕ್ಷಕರು ಬೇರೆಯವರು."

"ಸರ್...?"

"ನಿನ್ನ ಪರೀಕ್ಷಕನಾಗಿ ಕೂರಲ್ಲ ಅಂತ ಬರೆದುಕೊಟ್ಟು ಕಾಡಿನ ಆಚೆ ತುದಿಯ ಗೇಟಿಗೆ ಕೆಲಸಕ್ಕೆ ಹೋದ."

'ನನ್ನ ಮುಖ ನೋಡೋದೂ ಬೇಡ ಅನ್ನಿಸಿತಾ?' ಅಂದುಕೊಂಡಳು.

ನಾಲ್ಕು ತಿಂಗಳು ಹಲ್ಲು ಕಚ್ಚಿ ಕಲಿತಳು. ಪ್ರತಿ ಸುತ್ತಿಗೂ ಮೊದಲು ಒಬ್ಬೊಬ್ಬರ ಬಳಿಯೂ ಹೋಗಿ, ಕಣ್ಣಿಗೆ ಕಣ್ಣಿಟ್ಟು, ಕೈಸನ್ನೆ ಮಾಡಿ ನಿಯಮ ಹೇಳಿದಳು. ಮರುಪರೀಕ್ಷೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಮೇಡಂ ಬ್ಯಾಡ್ಜ್ ಚುಚ್ಚಿ, ಅವಳ ಫೋಟೋವನ್ನು ಮೂರನೇ ಸಾಲಿನ ಆ ಮೊಳೆಗೇ ತೂಗುಹಾಕಿದರು. ಫೋನಿನಲ್ಲಿ ಅಪ್ಪ ಕೇಳಿದ್ದು ಒಂದೇ: "ಮೊಳೆ ಗಟ್ಟಿಯಾಗಿದೆಯಾ ನೋಡ್ದೆಯಾ?"

ಹೊರಗೆ ಮೆಟ್ಟಿಲ ಮೇಲೆ ಅವನು ನಿಂತಿದ್ದ. ಕೈಯಲ್ಲಿ ಒಂದು ಪುಸ್ತಕ.

"ಯಾಕೆ ಬಿಟ್ಟು ಹೋದಿರಿ?" ಅವಳ ಕಣ್ಣು ತುಂಬಿತು.

"ಅವತ್ತು ಸುಳ್ಳು ಬರೆಯೋಕೆ ಹೊರಟಿದ್ದೆ. ಯಾಕೆ ಅಂತ ನನ್ನನ್ನೇ ಕೇಳಿಕೊಂಡೆ. ಉತ್ತರ ಸಿಕ್ಕಿತು. ಆ ಉತ್ತರ ಇಟ್ಕೊಂಡು ನಿಮ್ಮ ಪರೀಕ್ಷಕನಾಗಿ ಕೂರೋದು ಸರಿಯಲ್ಲ. ನಿಮ್ಮ ಬ್ಯಾಡ್ಜ್ ನಿಮ್ಮದೇ ಆಗಿರಬೇಕಿತ್ತು. ಇವತ್ತಿಗೆ ಕಾದಿದ್ದೆ."

ಪುಸ್ತಕ ಚಾಚಿದ. ಅದೇ ಮೂರು ಕಾಲಂ.

ಕಂಡದ್ದು: 'ನಾನು ಬಂದಾಗಲೆಲ್ಲ ಅವಳು ಮುಚ್ಚಿದ ನೀರಿನ ಬಾಟಲಿಯನ್ನು ಮತ್ತೆ ಮುಚ್ಚುತ್ತಾಳೆ.'

ಕೇಳಿದ್ದು: 'ಲಾರಿ ಅಣ್ಣ ಹೇಳಿದ್ದು. ನಾಲ್ಕು ತಿಂಗಳಲ್ಲಿ ಹನ್ನೊಂದು ಸಲ ನನ್ನನ್ನು ವಿಚಾರಿಸಿದ್ದಾಳೆ.'

"ಅಣ್ಣನ ಬಾಯಿಗೆ ಬೀಗ ಇಲ್ಲ!" ಅಳುತ್ತಲೇ ನಕ್ಕಳು. "ಊಹೆ ಯಾಕೆ ಖಾಲಿ?"

"ಬರೆಯೋಕೆ ಧೈರ್ಯ ಸಾಲಲಿಲ್ಲ." ಅವನು ಮೆಟ್ಟಿಲನ್ನೇ ನೋಡುತ್ತಿದ್ದ. "ತಪ್ಪಾದರೆ ಹೊಡೆದುಹಾಕೋಕೆ ಆಗಲ್ಲ ನನಗೆ."

"ಅಪ್ಪ ಎಲ್ಲಾ ಹೇಳಿದರು," ಅವಳ ದನಿ ತಗ್ಗಿತು. "ಒಂಬತ್ತು ವರ್ಷ ನಾನು ಬರೀ ಊಹೇಲೇ ಬದುಕಿದೆ. ಇನ್ನು ಸಾಕು. ನೀನು ಮೊದಲನೇ ಕಾಲಮ್ಮಲ್ಲೇ ಬರಿ."

'ನೀನು' ಅಂದದ್ದು ಇಬ್ಬರಿಗೂ ಕೇಳಿಸಿತು.

"ಏನು ಕಂಡೆ ಅಂತ ಬರೀಲಿ?"

"ತಲೆ ಎತ್ತು ಮೊದಲು."

ಅವನು ತಲೆ ಎತ್ತಿದ. ಅವಳನ್ನು ನೋಡಿದ. ಈ ಸಲ ಆ ಮುಖದಲ್ಲಿ ಬೇರೆ ಯಾರನ್ನೂ ಹುಡುಕಲಿಲ್ಲ.

"ಕಂಡೆ," ಅಂದ.

"ಹಾಗಾದರೆ ಸಹಿ ಹಾಕು."