ನಕ್ಷತ್ರದ ಮೇಲಿನ ಉಪ್ಪು

"ಥೂ!"

ಇನ್‌ಸ್ಪೆಕ್ಟರ್ ಬಾಯಲ್ಲಿದ್ದುದನ್ನು ಕರವಸ್ತ್ರಕ್ಕೆ ಉಗಿದಳು. ಆಮೇಲೆ ಅತ್ತೆಯ ಮುಖ ನೋಡಿ, ಉಗಿಯಬಾರದಿತ್ತು ಅಂದುಕೊಂಡಳು.

ಮಕ್ಕಳ ಆಸ್ಪತ್ರೆಯ ನರ್ಸ್ ಡಬ್ಬಿಯನ್ನು ಅಂಗಡಿಯ ಕೌಂಟರಿನ ಮೇಲಿಟ್ಟು ನಿಂತಿದ್ದಳು. ಡಬ್ಬಿ ತುಂಬ ಕ್ರಿಸ್‌ಮಸ್ ಕುಕಿಗಳು. ಬಿಳಿ ಐಸಿಂಗ್ ಹಚ್ಚಿದ ನಕ್ಷತ್ರಗಳು, ತುದಿ ತುದಿಗೆ ಕೆಂಪು ಚುಕ್ಕಿ. ನೋಡಲು ಕಣ್ಣಿಗೆ ಹಬ್ಬ. ಬಾಯಿಗಿಟ್ಟರೆ ಬರೀ ಉಪ್ಪು.

"ಮೊದಲು ತಿಂದಿದ್ದು ಕಾಲು ಮುರಿದುಕೊಂಡಿರೋ ಹುಡುಗಿ. 'ಸಿಸ್ಟರ್, ಇದು ಹೊಸ ಔಷಧೀನಾ?' ಅಂತ ಕೇಳಿದ್ಲು. ನಾನೇನು ಹೇಳ್ಲಿ ಅಜ್ಜಿ?" ಎಂದಳು ನರ್ಸ್.

ಬೀದಿಗೆಲ್ಲ ಕುಕಿ ಅಜ್ಜಿಯಾದ ಅತ್ತೆ ಒಂದು ನಕ್ಷತ್ರ ತೆಗೆದುಕೊಂಡು ಕಚ್ಚಿದಳು. ಉಗಿಯಲಿಲ್ಲ. ಪೂರ್ತಿ ಅಗಿದು ನುಂಗಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಇದನ್ನ ನಾನು ಹಾಕಿಲ್ಲ," ಎಂದಳು.

"ಮತ್ತೆ ದೆವ್ವ ಬಂದು ಹಾಕ್ತಾ ಅಮ್ಮ?"

ಬಾಗಿಲಲ್ಲಿ ಮಗ ನಿಂತಿದ್ದ. ಅಜ್ಜಿಗೆ ಒಬ್ಬನೇ ಮಗ, ಇನ್‌ಸ್ಪೆಕ್ಟರಿಗೆ ಒಬ್ಬನೇ ಗಂಡ. ಒಳ್ಳೆಯವನು. ಬೆಳಿಗ್ಗೆ ಈ ಡಬ್ಬಿ ತುಂಬಿ ಆಸ್ಪತ್ರೆಗೆ ಮುಟ್ಟಿಸಿದವನೂ ಅವನೇ. ದಿನಾ ಹೆಂಡತಿಯ ಯೂನಿಫಾರ್ಮಿಗೆ ತಾನೇ ಇಸ್ತ್ರಿ ಹಾಕಿ, ಗೆರೆ ಚಾಕುವಿನಂತೆ ನಿಲ್ಲಿಸಿ ಕಳಿಸುವವನು. ಅದನ್ನು ಕಂಡು ಇಡೀ ಸ್ಟೇಷನ್ನಿಗೆ ಹೊಟ್ಟೆಕಿಚ್ಚು.

"ಸಕ್ಕರೆ ಡಬ್ಬ ಯಾವುದು, ಉಪ್ಪಿನ ಡಬ್ಬ ಯಾವುದು ಅಂತ ನಿನಗೆ ಮರೆತುಹೋಗ್ತಿದೆ. ಮಾತು ಅಂದ್ರೆ ಮಾತು. ಬೀಗದ ಕೈ ಕೊಡು," ಎಂದ.

ಮಾತು ಆಗಿದ್ದು ನಿಜ. ಮಳೆಗಾಲದಲ್ಲಿ ಅಜ್ಜಿ ಓವನ್ನಿನಲ್ಲಿ ಒಂದು ಟ್ರೇ ಮರೆತು ಮೇಲಿನ ಮನೆಗೆ ಹೋಗಿದ್ದಳು. ಬೀದಿಯೆಲ್ಲ ಹೊಗೆ. ಅಗ್ನಿಶಾಮಕದವರೂ ಬಂದರು. ಅಂಗಡಿ ಮುಚ್ಚು ಎಂದು ಮಗ ಅಂದಿನಿಂದ ಬೆನ್ನು ಬಿದ್ದ. ರೇಗಿದ ಅಜ್ಜಿ, "ಇನ್ನೊಂದೇ ಒಂದು ತಪ್ಪು ಮಾಡಿದ್ರೆ ಬೀಗದ ಕೈ ನಿನಗೇ ಕೊಡ್ತೀನಿ" ಅಂದುಬಿಟ್ಟಿದ್ದಳು.

"ಕೊಡ್ತೀನಿ. ತಪ್ಪು ನಂದು ಅಂತ ಗೊತ್ತಾದ ಮೇಲೆ," ಅಂದಳು ಈಗ. ಸೊಸೆಯ ಕಡೆ ತಿರುಗಿದಳು. "ಏನಮ್ಮಾ, ಪೊಲೀಸು? ಸುಮ್ಮನೆ ನಿಂತಿದ್ದೀಯಲ್ಲ. ನಮ್ಮಂಥೋರ ಕಂಪ್ಲೇಂಟ್ ತಗೋಳಲ್ವಾ?"

ದನಿ ಗಟ್ಟಿಯಾಗಿತ್ತು. ಆದರೆ ಬೆರಳುಗಳು ಏಪ್ರನ್ನಿನ ಅಂಚನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದವು. ಇನ್‌ಸ್ಪೆಕ್ಟರ್ ಕರವಸ್ತ್ರ ಮಡಚಿ ಜೇಬಿಗಿಟ್ಟಳು.

"ಸಾಯಂಕಾಲದ ತನಕ ಟೈಮ್ ಕೊಡಿ," ಎಂದಳು.

*

ಮೊದಲು ಸಕ್ಕರೆ ಪುಡಿಯ ಡಬ್ಬ. ನಾಲಿಗೆಗಿಟ್ಟಳು. ಸಿಹಿ. ಕುಕಿಯ ಮೇಲಿನ ಐಸಿಂಗ್ ಕೆರೆದು ಬರೀ ಬಿಸ್ಕತ್ತು ತಿಂದಳು. ಅದೂ ಸಿಹಿ. ಉಪ್ಪೆಲ್ಲ ಮೇಲ್ಮೈಯಲ್ಲಿ.

"ಅತ್ತೆ, ಐಸಿಂಗ್ ರುಚಿ ನೋಡಿದ್ರಾ?"

"ಇದೊಂದು ಕೇಳೋ ಮಾತಾ? ಐಸಿಂಗ್ ತುಂಬಿದ ಕೋನಿನ ತುದಿ ಕತ್ತರಿಸಿದ ತಕ್ಷಣ ಮೊದಲ ಚುಕ್ಕಿ ಇಲ್ಲಿಗೆ." ಅಜ್ಜಿ ಎಡಗೈಯ ಹಿಂಭಾಗ ತೋರಿಸಿದಳು. "ನೆಕ್ಕಿ ನೋಡದೆ ಒಂದು ನಕ್ಷತ್ರವನ್ನೂ ಮುಟ್ಟಿದವಳಲ್ಲ. ನಿನ್ನೆ ಮಧ್ಯಾಹ್ನ ಸಿಹಿಯಾಗೇ ಇತ್ತು."

ಇನ್‌ಸ್ಪೆಕ್ಟರ್ ಕುಕಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿ ಐಸಿಂಗಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿ. ಕೆಂಪು ಚುಕ್ಕಿಗಳ ಅಂಚು ಹರಡಿ ಸುತ್ತಲೂ ಗುಲಾಬಿ ಬಣ್ಣ. ಮೇಲೆ ಏನೋ ಮಿನುಗುತ್ತಿತ್ತು.

"ಇದೇನು ಮಿನುಗು?"

ಅಜ್ಜಿ ಕನ್ನಡಕ ಏರಿಸಿ ನೋಡಿದಳು. "ನಾನು ಮಿನುಗು ಗಿನುಗು ಹಾಕೋಳಲ್ಲ. ಅದೆಲ್ಲ ಎದುರಂಗಡಿಯೋನ ಶೋಕಿ. ಬಣ್ಣ ಯಾಕೆ ಹೀಗೆ ಹರಡಿದೆ? ಒಣಗಿದ ಐಸಿಂಗಿಗೆ ನೀರು ಬಿದ್ರೆ ಮಾತ್ರ ಹೀಗಾಗೋದು."

"ರಾತ್ರಿ ಒಣಗೋಕೆ ಇಟ್ಟಾಗ ಅಂಗಡಿಗೆ ಬೀಗ ಇತ್ತಲ್ವಾ?"

"ಇತ್ತು. ಬೀಗದ ಕೈ ಹೂಕುಂಡದ ಕೆಳಗೆ ಗುಟ್ಟಾಗಿ ಇಟ್ಟಿದ್ದೆ."

ಆ ಗುಟ್ಟು ಬೀದಿಗೆಲ್ಲ ಗೊತ್ತಿತ್ತು.

*

ಎದುರಂಗಡಿಯ ಕೇಕ್ ಸಾಹುಕಾರ ಇನ್‌ಸ್ಪೆಕ್ಟರನ್ನು ಕಂಡೊಡನೆ ಬೆವರಿದ. ಅಜ್ಜಿಯ ಅಂಗಡಿ ಮುಚ್ಚಲಿ ಎಂದು ಬಹಳ ಕಾಲದಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವನು.

"ನಿನ್ನೆ ಸಂಜೆ ಆ ಅಂಗಡಿಗೆ ಹೋಗಿದ್ರಿ," ಅಂದಳು. ಕತ್ತಲಲ್ಲಿ ಹಾಕಿದ ಕಲ್ಲು. ಸರಿಯಾಗಿ ತಗುಲಿತು.

"ಮೇಡಂ, ಅದು... ಸುಮ್ಮನೆ ಡಿಸೈನ್ ನೋಡೋಕೆ..."

"ಏನು ಸುರಿದ್ರಿ?"

"ಸುರಿಯೋದಾ? ಅಯ್ಯೋ, ನಾನು ಒಂದು ಕದ್ದು ತಿಂದೆ ಅಷ್ಟೇ!" ಸಾಹುಕಾರ ತಲೆ ತಗ್ಗಿಸಿದ. "ಸುಳ್ಳು ಯಾಕೆ ಹೇಳ್ಲಿ, ಎರಡು ತಿಂದೆ. ಆ ಮುದುಕಿ ಕೈಗೆ ಅದೇನು ರುಚಿಯೋ! ಹೊಟ್ಟೆ ಉರಿದುಹೋಯ್ತು."

"ಉಪ್ಪಿರಲಿಲ್ವಾ?"

"ಉಪ್ಪಾ? ಜೇನು, ಮೇಡಂ, ಜೇನು."

ಹೊಟ್ಟೆಕಿಚ್ಚಿನವನ ಹೊಗಳಿಕೆಗಿಂತ ಗಟ್ಟಿ ಸಾಕ್ಷಿ ಬೇಕೆ? ಅಜ್ಜಿಯ ಐಸಿಂಗ್ ಸಿಹಿಯಾಗಿತ್ತು. ಸಾಹುಕಾರ ಹೋದ ಮೇಲೆ ಇನ್ಯಾರೋ ಬಂದಿದ್ದರು. ಆದರೆ ಯಾರು?

*

ಸ್ಟೇಷನ್ನಿನಲ್ಲಿ ಕುಳಿತು ತಲೆ ಕೆರೆದುಕೊಳ್ಳುತ್ತಿದ್ದಾಗ ಮಹಿಳಾ ಪೇದೆ ಚಹಾ ತಂದಿಟ್ಟಳು. ಇಟ್ಟವಳು ಹೋಗಲಿಲ್ಲ.

"ಏನು?"

"ಮೇಡಂ, ಈ ಚಳಿಯಲ್ಲೂ ಇಷ್ಟು ಬೆವರಿದ್ದೀರಾ? ತೋಳೆಲ್ಲ ಬಿಳಿ ಬಿಳಿ."

ಇನ್‌ಸ್ಪೆಕ್ಟರ್ ತೋಳು ನೋಡಿಕೊಂಡಳು. ಖಾಕಿಯ ಮೇಲೆ ಬಿಳಿ ಅಂಚಿನ ಕಲೆಗಳು. ಬೆವರು ಒಣಗಿದ ಹಾಗೇ. ಆದರೆ ಅವಳು ಬೆವರಿರಲಿಲ್ಲ. ಇಸ್ತ್ರಿಯ ಗೆರೆಯುದ್ದಕ್ಕೂ ಹನಿ ಹನಿಯಾಗಿ ಬಿದ್ದ ಕಲೆಗಳವು.

ತೋಳಿನ ಅಂಚನ್ನು ಮೆಲ್ಲಗೆ ನಾಲಿಗೆಗೆ ತಾಗಿಸಿದಳು. ಉಪ್ಪು.

ಪೇದೆ ಗಾಬರಿಯಾದಳು. "ಮೇಡಂ?"

"ಏನಿಲ್ಲ. ನೀನು ಹೋಗು."

ಚಹಾ ಆರಿ ಹೋಯಿತು. ಇದನ್ನು ಇಲ್ಲಿಗೇ ಬಿಟ್ಟುಬಿಡಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಶರ್ಟ್ ಒಗೆಯಲು ಹಾಕಿದರೆ ಮುಗಿಯಿತು. ಗಂಡನ ಮೇಲೆ ಪ್ರೀತಿಯಿತ್ತು. ಆಗ ಏಪ್ರನ್ನಿನ ಅಂಚು ಸುತ್ತುತ್ತಿದ್ದ ಅತ್ತೆಯ ಬೆರಳುಗಳು ನೆನಪಾದವು. ಎದ್ದು ಟೋಪಿ ಹಾಕಿಕೊಂಡು ನೇರ ಮನೆಗೆ ಹೋದಳು. ಇಸ್ತ್ರಿ ಮೇಜಿನ ಮೇಲೆ ಬೇಕಾದ್ದು ಸಿಕ್ಕಿತು.

*

ಸಂಜೆ ಗಂಡ ಹೊಸ ಬೀಗ ಹಿಡಿದೇ ಅಂಗಡಿಗೆ ಬಂದ. ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು.

ಇನ್‌ಸ್ಪೆಕ್ಟರ್ ಒಂದು ಸ್ಪ್ರೇ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ. ಗಂಡನ ಮುಖದ ಬಣ್ಣ ಇಳಿಯಿತು.

ಅವಳು ಅದನ್ನೆತ್ತಿ, ಅಜ್ಜಿ ಆಗಷ್ಟೇ ಒಣಗಿಸಿದ್ದ ನಕ್ಷತ್ರವೊಂದರ ಮೇಲೆ ಚಿಮುಕಿಸಿದಳು. ಐಸಿಂಗ್ ಮೇಲೆ ಗುಳಿ ಬಿದ್ದವು. ಕೆಂಪು ಹರಡಿ ಗುಲಾಬಿಯಾಯಿತು.

"ತಿನ್ನಿ," ಎಂದಳು ಗಂಡನಿಗೆ.

ಅವನು ಕೈ ಚಾಚಲಿಲ್ಲ.

"ಹಾಗಾದ್ರೆ ನಾನೇ ಹೇಳ್ತೀನಿ. ಸಾಹುಕಾರ ತಿಂದಾಗ ಸಿಹಿ ಇತ್ತು. ಆಮೇಲೆ ಯಾರೋ ಉಪ್ಪುನೀರು ಹೊಡೆದ್ರು. ರಾತ್ರಿ ನೀರು ಆರಿತು, ಉಪ್ಪು ಉಳೀತು. ಅದೇ ಆ ಮಿನುಗು. ಅತ್ತೆ ಕಣ್ಣಿಗೆ ಬೀಳಬಾರದು ಅಂತ ಡಬ್ಬಿ ತುಂಬೋ ಕೆಲಸ ನೀವೇ ಮಾಡಿದ್ರಿ. ಎಲ್ಲಾ ಸರಿ ಮಾಡಿದ್ರಿ. ಬಾಟಲಿ ಚೆಲ್ಲೋದೊಂದು ಮರೆತ್ರಿ." ತೋಳು ಮುಂದೆ ಚಾಚಿದಳು. "ಬೆಳಿಗ್ಗೆ ಅದೇ ನೀರಲ್ಲಿ ನನ್ನ ಶರ್ಟಿಗೆ ಇಸ್ತ್ರಿ ಹಾಕಿದ್ರಿ. ಸಾಕ್ಷಿನ ಮೈಮೇಲೆ ಹಾಕ್ಕೊಂಡೇ ಊರೆಲ್ಲ ಸುತ್ತಿದೀನಿ."

ಗಂಡ ಸ್ಟೂಲಿನ ಮೇಲೆ ಕುಸಿದ. "ಅವತ್ತಿನ ಹೊಗೆ ನೀನೂ ನೋಡಿದ್ಯಲ್ಲ! ಅಮ್ಮ ಒಳಗಿದ್ದಾಳೆ ಅಂದ್ಕೊಂಡು ನಾನು ಬಾಗಿಲು ಒಡೆದೆ. ಈಗಲೂ ನಿದ್ದೆ ಬರಲ್ಲ ನನಗೆ. ಹೇಳಿದ್ರೆ ಕೇಳ್ತಾಳಾ ಇವಳು?"

ಅಜ್ಜಿ ಎದ್ದಳು.

"ಹೊಗೆ ಹಾಕಿದ್ದು ನಾನು. ಅವತ್ತೇ ಒಪ್ಪಿಕೊಂಡೆ. ಗಂಟೆ ಬಾರಿಸೋ ಗಡಿಯಾರ ತಂದು ಓವನ್ ಪಕ್ಕ ಇಟ್ಟೆ. ನಿನಗೆ ಭಯ ಆದ್ರೆ ನನ್ನ ಹತ್ರ ಕೂತು ಅಳಬೇಕಿತ್ತು ಕಣೋ. ಬೆಳಿಗ್ಗೆಯಿಂದ ನನ್ನ ತಲೆನ ನಾನೇ ನಂಬದ ಹಾಗೆ ಮಾಡಿದೆಯಲ್ಲ! ಎಷ್ಟು ಸಲ ಆ ಡಬ್ಬ ತೆಗೆದು ನೆಕ್ಕಿ ನೋಡಿದೀನಿ ಗೊತ್ತಾ?"

ದನಿ ಒಡೆಯಿತು. ಮರುಕ್ಷಣವೇ ಗಟ್ಟಿಯಾಯಿತು.

"ಮರೆತೋನು ನೀನು. ನಾನಲ್ಲ. ಇಟ್ಕೋ ಆ ಬೀಗ, ನಿನ್ನ ಇಸ್ತ್ರಿ ಪೆಟ್ಟಿಗೆಗೆ ಹಾಕು. ಈ ಅಂಗಡಿ ಯಾವತ್ತು ಮುಚ್ಚಬೇಕು ಅಂತ ನಾನು ಹೇಳ್ತೀನಿ. ಈಗ ಕೈ ತೊಳ್ಕೊಂಡು ಬಾ."

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತಾನೆ! ಹಿಟ್ಟು ಲಟ್ಟಿಸೋಕೆ. ಆಸ್ಪತ್ರೆಲಿರೋ ಆ ಹುಡುಗಿಗೆ ಹೊಸ ನಕ್ಷತ್ರ ನೀನೇ ಕೊಡ್ಬೇಕು. ಉಪ್ಪು ಹಾಕಿದ್ದು ನಾನೇ ಅಂತ ನಿನ್ನ ಬಾಯಲ್ಲೇ ಹೇಳ್ಬೇಕು."

ಅವನು ಹೆಂಡತಿಯ ಮುಖ ನೋಡಿದ. ಅಲ್ಲಿ ಜಾಮೀನು ಸಿಗಲಿಲ್ಲ. ಎದ್ದು ಕೈ ತೊಳೆಯಲು ಹೋದ.

*

ಮರುದಿನ ಇನ್‌ಸ್ಪೆಕ್ಟರ್ ಸ್ಟೇಷನ್ನಿಗೆ ಬಂದಾಗ ಪೇದೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಶರ್ಟಿನ ಗೆರೆ ಒಂದು ಕಡೆ ಎರಡಾಗಿತ್ತು, ಇನ್ನೊಂದು ಕಡೆ ಇರಲೇ ಇಲ್ಲ.

"ಮೇಡಂ, ಇವತ್ತು ಇಸ್ತ್ರಿ ಯಾರು ಹಾಕಿದ್ದು?"

"ನಾನೇ."

"ಗೆರೆ ಸೊಟ್ಟಗಿದೆ."

"ಇರಲಿ," ಎಂದಳು ಇನ್‌ಸ್ಪೆಕ್ಟರ್. ಚೀಲದಿಂದ ಅಂಕುಡೊಂಕಾಗಿ ಕತ್ತರಿಸಿದ ನಕ್ಷತ್ರವೊಂದನ್ನು ತೆಗೆದು ಪೇದೆಯ ಕೈಗಿಟ್ಟಳು. "ಇದೂ ಸೊಟ್ಟಗೇ ಇದೆ, ನನ್ನ ಗಂಡ ಮಾಡಿದ್ದು. ಧೈರ್ಯವಾಗಿ ತಿನ್ನು. ಅತ್ತೆ ರುಚಿ ನೋಡಿದ್ದಾರೆ."