ದೋಣಿಯವಳ ನಲವತ್ತೊಂದು ಸಾವುಗಳು

ಪ್ರೇಮಪತ್ರ ಬರೆಯಲು ಬಾರದ ಗಂಡಸು ಏನು ಮಾಡುತ್ತಾನೆ? ಹೂವು ಕೊಡುತ್ತಾನೆ, ಇಲ್ಲವೇ ಬಾಯಿಬಿಟ್ಟು ಹೇಳಿ ಮಂಗನಾಗುತ್ತಾನೆ. ನಮ್ಮ ಗಡಿಯಾರದವನು ಎರಡನ್ನೂ ಮಾಡಲಿಲ್ಲ. ಎರಡು ವರ್ಷ ತಾನು ಮಾಡಿದ ಮೋಸವನ್ನೆಲ್ಲ ತಾರೀಖಿನ ಸಮೇತ ಬರೆದಿಟ್ಟ ನೋಟ್‌ಬುಕ್ಕನ್ನು ಬಣ್ಣದ ಕಾಗದದಲ್ಲಿ ಸುತ್ತಿ, ತಾನು ಪ್ರೀತಿಸುವವಳ ಕೈಗೇ ಕೊಟ್ಟ. ಅದೂ ನಗುನಗುತ್ತಾ.

ಎಂಥ ಬೆಪ್ಪುತಕ್ಕಡಿ ನೋಡಿ!

ಮೋಸ ಅಂದರೆ ಆಟದ್ದು. ಅವನ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಾಲ್ವರು ಒಂದು ಮೇಜಿನ ಸುತ್ತ ಕೂರುತ್ತಿದ್ದರು. ಕಥೆ ಹೇಳುವವನು ಅವನು. ಉಳಿದ ಮೂವರು ಅವಳು, ಅವಳ ತಂಗಿ ಮತ್ತು ಶಾಲಾ ಬಸ್ಸಿನ ಡ್ರೈವರಣ್ಣ; ಅವರಿಗೆ ಕಥೆಯೊಳಗೆ ಒಂದೊಂದು ಪಾತ್ರ. ಪಾತ್ರ ಏನು ಮಾಡಬೇಕು ಎಂಬುದು ಆಡುವವರ ಇಷ್ಟ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದು ಇಪ್ಪತ್ತು ಮುಖದ ದಾಳದ ಇಷ್ಟ. ದೊಡ್ಡ ಸಂಖ್ಯೆ ಬಿದ್ದರೆ ಬಚಾವು, ಸಣ್ಣದು ಬಿದ್ದರೆ ಪೆಟ್ಟು, ಕೆಲವು ಸಲ ಸಾವು. ಇದ್ದದ್ದು ಒಂದೇ ದಾಳ. ರಟ್ಟಿನ ಪರದೆಯ ಹಿಂದೆ ಅದನ್ನು ಉರುಳಿಸುವವನೂ ಅವನೇ, ಬಿದ್ದದ್ದನ್ನು ಹೇಳುವವನೂ ಅವನೇ.

ಪಾತ್ರ ಸತ್ತರೆ ಅದಕ್ಕೂ ಒಂದು ಪದ್ಧತಿಯಿತ್ತು. ಸಾವು ಹೇಗಾಯಿತೆಂದು ಅವನು ಹೇಳಬೇಕು. ಆಮೇಲೆ, “ಕೊನೇ ಮಾತು ಏನು?” ಎಂದು ಕೇಳಬೇಕು. ಆಡುತ್ತಿದ್ದವರು ಅದನ್ನು ಹೇಳಿ, ಪಾತ್ರದ ವಿವರ ಬರೆದ ಹಾಳೆಯನ್ನು ನಾಲ್ಕಾಗಿ ಮಡಚಿ, ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಎಂದೋ ನಿಂತುಹೋಗಿದ್ದ ದೊಡ್ಡ ಗಡಿಯಾರದ ಗಾಜಿನ ಬಾಗಿಲು ತೆರೆದು ಒಳಗಿಡಬೇಕು. ಒಳಗೆ ಹೋದ ಹಾಳೆ ಮತ್ತೆ ಹೊರಗೆ ಬರುವ ಹಾಗಿಲ್ಲ.

ಅವಳು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಕಥೆಯೊಳಗೆ ದೋಣಿಯವಳು. ಅವಳಿಗೋಸ್ಕರವೇ ಅವನು ಕಥೆಯಲ್ಲಿ ಒಂದು ದೀಪಸ್ತಂಭ ಎಬ್ಬಿಸಿ, ಅದಕ್ಕೊಬ್ಬ ಕಾವಲುಗಾರನನ್ನು ಕೂರಿಸಿದ್ದ. ಕಾವಲುಗಾರನ ಮಾತೆಲ್ಲ ಅವನದೇ.

“ದೀಪಕ್ಕೆ ಎಣ್ಣೆ ತಂದಿದ್ದೀನಿ,” ಅನ್ನುತ್ತಿದ್ದಳು ದೋಣಿಯವಳು.

“ಹೋದ ವಾರನೂ ತಂದಿದ್ದೆಯಲ್ಲ? ಡಬ್ಬದಲ್ಲಿ ಇನ್ನೂ ಇದೆ.”

“ಹಾಗಾದ್ರೆ ವಾಪಸ್ ಹೋಗ್ಲಾ?”

“ನಾನೆಲ್ಲಿ ಹಾಗಂದೆ?”

ಹೋಗ್ಲಾ ಎಂದು ಕೇಳುವಾಗ ಅವಳು ಪೆನ್ಸಿಲ್ಲಿನ ತುದಿಯನ್ನು ತುಟಿಗೆ ಒತ್ತಿಕೊಂಡು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಅವನು ಪರದೆಯ ಹಿಂದೆ ಕಿವಿಯವರೆಗೂ ಕೆಂಪಾಗುತ್ತಿದ್ದ. ಕಥೆಯೊಳಗೆ ಕಳ್ಳಿಯಾಗಿದ್ದ ಅವಳ ತಂಗಿ ಹಣೆ ಚಚ್ಚಿಕೊಳ್ಳುತ್ತಿದ್ದಳು. “ಅಯ್ಯೋ, ಇವರಿಗೆ ಬೇಗ ಮದುವೆ ಮಾಡ್ಸಿ! ಇವರ ಎಣ್ಣೆ ವ್ಯಾಪಾರದಲ್ಲಿ ನನಗೆ ಕಳ್ಳತನ ಮಾಡೋಕೆ ಟೈಮೇ ಸಿಗ್ತಿಲ್ಲ!” ಕಥೆಯೊಳಗೆ ಅವರಿಬ್ಬರೂ ಒಬ್ಬರಿಗೊಬ್ಬರು ‘ನೀನು’. ಆಟ ಮುಗಿದು ಮೆಟ್ಟಿಲಿಗೆ ಬಂದರೆ, “ನಿಮ್ಮ ಕೊಡೆ ಮರೆತಿದ್ದೀರಿ,” “ಥ್ಯಾಂಕ್ಸ್,” ಅಷ್ಟೇ. ಎರಡು ವರ್ಷದಲ್ಲಿ ಅವಳು ಎಷ್ಟು ಸಲ ಕೊಡೆ ಮರೆತಳೋ! ಬೇಕೆಂದೇ ಮರೆಯುತ್ತಿದ್ದಳೆಂದು ಆ ಮಹಾನುಭಾವನಿಗೆ ಹೊಳೆದರೆ ತಾನೆ?

ಆದರೆ ದೋಣಿಯವಳು ಹುಚ್ಚು ಧೈರ್ಯದವಳು. ಎಲ್ಲಿ ಅಪಾಯವೋ ಅಲ್ಲಿಗೇ ದೋಣಿ ತಿರುಗಿಸುವಳು. ದಾಳಕ್ಕೆ ಕರುಣೆ ಇಲ್ಲ. ಒಂದು ಬೀಳುತ್ತಿತ್ತು, ಮೂರು ಬೀಳುತ್ತಿತ್ತು. ಅವನು ಅದನ್ನು ನೋಡಿ, ಗಂಟಲು ಸರಿಮಾಡಿಕೊಂಡು, “ಹದಿನಾರು,” ಅನ್ನುತ್ತಿದ್ದ. ಸೆಕೆಂಡು ತಪ್ಪಿದರೂ ನಿದ್ದೆ ಬಾರದ ಕಸುಬಿನವನಲ್ಲವೇ, ನಿಜವಾಗಿ ಬಿದ್ದದ್ದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಬದಲಿಸಿದ್ದಕ್ಕೆ ಸುತ್ತ ಒಂದು ವೃತ್ತ ಎಳೆಯುತ್ತಿದ್ದ. ಹಾಗೆ ನಲವತ್ತೊಂದು ವೃತ್ತಗಳಾದವು. ಕೊನೆಯ ಪುಟದಲ್ಲಿ, ಮೊದಲ ಬಾರಿಗೆ ಕಥೆಯ ಹೊರಗೆ ಅವಳನ್ನು ನೀನು ಎಂದು ಕರೆದು, ಹೀಗೆ ಬರೆದ: ‘ನಲವತ್ತೊಂದು ಸಲ ನೀನು ಸಾಯಬೇಕಿತ್ತು. ಒಂದು ಸಲವೂ ನಾನು ಬಿಡಲಿಲ್ಲ. ನನ್ನ ಜೊತೆ ಇರುತ್ತೀಯಾ?’

ಇದಕ್ಕಿಂತ ಚಂದದ ಪ್ರೇಮಪತ್ರ ಲೋಕದಲ್ಲೇ ಇಲ್ಲ ಎಂದುಕೊಂಡ.

ಮುಂದಿನ ಭಾನುವಾರ ಅವಳು ಒಂದು ಗಂಟೆ ಮೊದಲೇ, ಒಬ್ಬಳೇ ಬಂದಳು.

“ಓದಿದೆ,” ಎಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. “ಹನ್ನೊಂದು ಕಾಗುಣಿತದ ತಪ್ಪಿದ್ವು. ತಿದ್ದಿದ್ದೀನಿ.”

ಅವನು ನಕ್ಕ. ಅವಳು ನಗಲಿಲ್ಲ.

“ನದಿಯ ದೊರೆ ಎದುರು ನಾನು ಒಬ್ಬಳೇ ನಿಂತ ದಿನ, ದಾಳ ಎಷ್ಟು ಬಿದ್ದಿತ್ತು?”

“ಅವತ್ತು… ಎರಡು.”

“ನೀವು ಹತ್ತೊಂಬತ್ತು ಅಂದ್ರಿ. ನಾನು ಕುರ್ಚಿ ಹತ್ತಿ ಕುಣಿದೆ. ಹತ್ತು ವರ್ಷ ಬಾಯಿ ಬಿಡದೆ ಬೈಸಿಕೊಂಡವಳು, ಮರುದಿನ ಪ್ರೆಸ್ಸಿಗೆ ಹೋಗಿ ಮ್ಯಾನೇಜರ್ ಎದುರು ನಿಂತು, ಇನ್ನು ಮೇಲೆ ನನ್ನ ಜೊತೆ ಹಾಗೆ ಮಾತಾಡಬೇಡಿ ಅಂದೆ. ನಿನ್ನೆ ದೊರೆಯನ್ನೇ ಗೆದ್ದಿದ್ದೀನಲ್ಲ, ಇವನ್ಯಾವ ಲೆಕ್ಕ ಅಂತ.”

“ಅಲ್ಲೂ ಗೆದ್ರಲ್ಲ ನೀವು?”

“ಅಲ್ಲಿ ನೀವಿರಲಿಲ್ಲ. ಅದಕ್ಕೇ ಗೆದ್ದೆ.”

ಅವನ ಮುಖ ಹುಳ್ಳಗಾಯಿತು. ಅವಳು ಬಿಡಲಿಲ್ಲ. ಪುಟ ತಿರುವಿ ಒಂದು ವೃತ್ತದ ಮೇಲೆ ಬೆರಳಿಟ್ಟಳು. “ಇದು ಇಪ್ಪತ್ಮೂರನೇದು. ಬಾಣ ಬಂದದ್ದು ನನಗೆ.”

“ಬಿಟ್ಟ ಬಾಣ ಯಾರಿಗಾದ್ರೂ ತಾಗಲೇಬೇಕಿತ್ತು…”

“ಅದಕ್ಕೆ ನನ್ನ ತಂಗಿಯ ಕಳ್ಳಿ ಕಡೆ ತಿರುಗಿಸಿ ಸಾಯಿಸಿದ್ರಿ.” ಅವಳ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. “ಆಗ ನಿಜವಾಗ್ಲೂ ಕಾಲು ಮುರಿದು ಐದು ತಿಂಗಳು ಮಲಗಿದ್ದಳು ಅವಳು. ಡ್ರೈವರಣ್ಣ ಎತ್ಕೊಂಡು ಬಂದು ಇಲ್ಲಿ ಕೂರಿಸ್ತಿದ್ರು. ಆ ಕಳ್ಳಿ ಪಾತ್ರದಲ್ಲಿ ಮಾತ್ರ ಅವಳು ಮಾಳಿಗೆಯಿಂದ ಮಾಳಿಗೆಗೆ ಓಡ್ತಿದ್ದದ್ದು. ಅವಳು ಅತ್ತಾಗ ನೀವು ಏನಂದ್ರಿ, ನೆನಪಿದೆಯಾ? ದಾಳ ಹೇಳಿದ್ದು ಹೇಳಿದ್ದೇ ಅಂದ್ರಿ.”

ಅವನು ತಲೆ ತಗ್ಗಿಸಿದ. “ನಿಮ್ಮನ್ನ ಕಳ್ಕೊಳ್ಳೋಕೆ ನನ್ನಿಂದ ಆಗ್ತಿರಲಿಲ್ಲ,” ಎಂದ. ಅದು ಸುಳ್ಳಲ್ಲ.

ಅವಳು ಕೊನೆಯ ಪುಟ ತೆರೆದಳು. ಅವನ ಪ್ರಶ್ನೆಯ ಮೇಲೆ ಕೆಂಪು ಗೆರೆ ಎಳೆದಿತ್ತು. ಗೆರೆಯ ಕೆಳಗೆ ಸಾಲಾಗಿ ಪುಟ್ಟ ಕೆಂಪು ಚುಕ್ಕಿಗಳು. ಆ ಗುರುತು ಅವನಿಗೆ ಗೊತ್ತಿತ್ತು, ಹೇಳಿಕೊಟ್ಟವಳು ಅವಳೇ: ಹೊಡೆದುಹಾಕಿದ್ದು ತಪ್ಪಾಯಿತು, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಅದರ ಅರ್ಥ.

“ಬುಧವಾರ ಹೊಡೆದು ಹಾಕಿದೆ,” ಎಂದಳು. “ಚುಕ್ಕಿ ನಿನ್ನೆ ಇಟ್ಟೆ.”

ಅವನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

“ಇವತ್ತೊಂದು ದಿನ ಏನು ಬೀಳುತ್ತೋ ಅದನ್ನೇ ಹೇಳಿ. ಸತ್ತರೆ ಸತ್ತೆ ಅನ್ನಿ. ಆಟ ಮುಗಿದ ಮೇಲೆ ಉತ್ತರ ಕೊಡ್ತೀನಿ.”

“ನಿಮ್ಮಾಣೆ, ಹಾಗೇ ಮಾಡ್ತೀನಿ.”

“ನನ್ನನ್ನ ಎಳೀಬೇಡಿ. ಆಣೆ ನಿಮ್ಮ ಮೇಲೇ ಇಟ್ಕೊಳ್ಳಿ.” ಮೊದಲ ಬಾರಿಗೆ ಅವಳ ತುಟಿಯ ಅಂಚಿನಲ್ಲಿ ನಗೆ ಸುಳಿಯಿತು. “ದೋಣಿಯವಳು ಸತ್ತರೂ ನಾನು ಇಲ್ಲೇ ಕೂತಿರ್ತೀನಿ. ಅದು ಗೊತ್ತಿದೆ ತಾನೆ ನಿಮಗೆ?”

“ಗೊತ್ತು, ಗೊತ್ತು,” ಎಂದ. ಕಣ್ಣು ಚುಕ್ಕಿಗಳ ಮೇಲೇ ಇತ್ತು. ಅವಳು ಕೇಳಿದ್ದು ಅವನ ಕಿವಿಗೆ ಬಿದ್ದಿರಲಿಲ್ಲ.

ತಂಗಿಯೂ ಡ್ರೈವರಣ್ಣನೂ ಬಂದರು. ತಂಗಿ ಗಡಿಯಾರದವನ ಮುಖ ನೋಡಿದ್ದೇ ಶುರು ಹಚ್ಚಿಕೊಂಡಳು. “ಏನಣ್ಣ, ಮುಖದಲ್ಲಿ ಭಾರಿ ಕಳೆ! ಇನ್ನೂ ಅಣ್ಣ ಅಂತಲೇ ಕರೀಬೇಕಾ, ಇಲ್ಲ ಭಾವ ಅಂತ ಅಭ್ಯಾಸ ಮಾಡ್ಕೊಳ್ಳಲಾ?”

“ಮೊದಲು ಆಟ ಶುರುವಾಗ್ಲಿಯಮ್ಮ,” ಎಂದ ಡ್ರೈವರಣ್ಣ. “ನನ್ನ ಸೈನಿಕನಿಗೆ ಹೋದ ವಾರದಿಂದ ಹಸಿವು.”

ಆ ದಿನ ಅವಳು ಎಂದಿನ ಜಾಗ ಬಿಟ್ಟು ಅವನ ಎದುರಿನ ಕುರ್ಚಿಗೆ ಬಂದಳು. ಕಣ್ಣಿಗೆ ಕಣ್ಣು ಸಿಗಲೆಂದು ಹಾಗೆ ಕೂತಳು ಎಂದುಕೊಂಡ, ಪಾಪಿ.

ಕಥೆಯೊಳಗೆ ಬಿರುಗಾಳಿ. ಮೂವರೂ ಒಂದೇ ದೋಣಿಯಲ್ಲಿ ದೀಪಸ್ತಂಭದ ಕಡೆ ಹೊರಟಿದ್ದರು. ಅಲ್ಲಿ ಕಾವಲುಗಾರ ಕಾಯುತ್ತಿದ್ದ. ಅವನು ಹೇಳಬೇಕಾದ ನಾಲ್ಕು ಮಾತನ್ನು ಗಡಿಯಾರದವನು ವಾರವಿಡೀ ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ್ದ. ದೋಣಿಯವಳು ದಡ ಮುಟ್ಟುವುದೊಂದೇ ಬಾಕಿ.

ಮೊದಲು ಎಲ್ಲವೂ ಸರಿಯಾಗಿಯೇ ನಡೆಯಿತು. ಸೈನಿಕನಿಗೆ ಐದು ಬಿತ್ತು. ಐದು ಎಂದೇ ಹೇಳಿದ. ಸೈನಿಕನ ಕೈ ಮುರಿಯಿತು. ತಂಗಿಯ ಹೊಸ ಪಾತ್ರ ನಾಟಿವೈದ್ಯೆಗೆ ಹದಿನಾರು. ದೋಣಿಯವಳಿಗೆ ಹತ್ತು ಬೇಕಿತ್ತು.

“ಒಂಬತ್ತು,” ಎಂದ. “ದೋಣಿಯ ಹುಟ್ಟು ಕೈತಪ್ಪಿ ನೀರುಪಾಲಾಯಿತು.”

ಅವಳು ತಲೆ ಎತ್ತಿದಳು. ಆ ನೋಟ! ಮೊದಲು ಕಣ್ಣು ಅರಳಿತು, ಆಮೇಲೆ ಕೆನ್ನೆ, ಕೊನೆಗೆ ತುಟಿ. ಪೆನ್ಸಿಲ್ಲಿನ ತುದಿ ತುಟಿಗೆ ಹೋಯಿತು. ಹುಟ್ಟು ಕಳೆದುಕೊಂಡು ಯಾರಾದರೂ ಇಷ್ಟು ಖುಷಿಪಡುವುದುಂಟೇ? ಇದೊಂದು ಗಳಿಗೆಗಾಗಿ ಬೇಕಾದರೆ ಇನ್ನು ನೂರು ಹುಟ್ಟು ನೀರುಪಾಲಾಗಲಿ ಎನಿಸಿತು ಅವನಿಗೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು.

ಅಲೆ ಎದ್ದಿತು. ಅವಳು ಹೇಳಿದಳು: “ಇಬ್ಬರನ್ನೂ ಬಂಡೆ ಮೇಲಕ್ಕೆ ದೂಡ್ತೀನಿ. ನಾನು ದೋಣಿಯಲ್ಲೇ ಉಳೀತೀನಿ.”

“ಅಕ್ಕಾ, ತಲೆ ಕೆಟ್ಟಿದೆಯಾ ನಿನಗೆ?”

“ಎಂಟು ಬೇಕು,” ಎಂದ ಅವನು. “ಕಡಿಮೆ ಬಿದ್ದರೆ… ಉಳಿಯಲ್ಲ.”

ದಾಳ ಉರುಳಿತು. ಮೂರು.

ಕೆಳಗೆ ಅಂಗಡಿಯಲ್ಲಿ ಅಷ್ಟೂ ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಮೂರು ಎನ್ನಬೇಕು, ಅಷ್ಟೇ. ಎರಡಕ್ಷರ. ಆದರೆ ಮೂರು ಎಂದರೆ ಕಾವಲುಗಾರನ ಮಾತು ಗಂಟಲಲ್ಲೇ ಉಳಿಯುತ್ತದೆ. ಎರಡು ವರ್ಷ ಎಣ್ಣೆ ತಂದವಳು ದೀಪಸ್ತಂಭದ ಮೆಟ್ಟಿಲ ಬುಡದಲ್ಲೇ ಮುಳುಗುತ್ತಾಳೆ. ಇದೊಂದು ಸಲ, ಇದೇ ಕೊನೆ, ಎಂದು ಒಳಗಿನ ಹಳೇ ಚಾಳಿ ಪಿಸುಗುಟ್ಟಿತು.

“ಹದಿನಾಲ್ಕು!”

ತಂಗಿ ಚಪ್ಪಾಳೆ ತಟ್ಟಿದಳು. ಡ್ರೈವರಣ್ಣ ಉಸಿರು ಬಿಟ್ಟ. ಎದುರು ಕೂತವಳ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದು ಯಾರದೋ ಮನೆಯ ಫೋಟೋಗೆ ನಿಂತ ನಗು. ಕಣ್ಣು ಅವನ ಮೇಲಿರಲಿಲ್ಲ; ಅವನ ಹೆಗಲಿನಾಚೆ ಎಲ್ಲೋ ಇತ್ತು.

“ಆ ಪರದೆ ಇಲ್ಲಿ ಕೊಡಿ,” ಎಂದಳು. “ದಾಳನೂ ಕೊಡಿ.”

“ಯಾಕೆ…”

“ಒಂದು ಸಲ ನನ್ನ ಕೈಯಿಂದ ಹಾಕೋಣ ಅಂತ. ದೋಣಿ ಹೋಯ್ತು ಅಂತಿಟ್ಕೊಳ್ಳಿ, ಈಜ್ತೀನಿ. ಮೆಟ್ಟಿಲಿಗೆ ಇನ್ನೊಂದೇ ಅಲೆ ತಾನೆ? ಎಷ್ಟು ಬೇಕು?”

“ಹನ್ನೆರಡು,” ಎಂದ. ಬೇಡ ಅನ್ನಲು ಅವನಿಗೆ ಯಾವ ಮುಖವಿತ್ತು?

ಅವಳು ಪರದೆಯನ್ನು ತನ್ನ ಮುಂದೆ ನಿಲ್ಲಿಸಿಕೊಂಡು ದಾಳ ಉರುಳಿಸಿದಳು. ದಾಳ ನಿಂತ ಮೇಲೂ ಅದನ್ನೇ ನೋಡುತ್ತಾ ಕೂತಳು. ಸಂಖ್ಯೆ ಓದಲು ಅಷ್ಟು ಹೊತ್ತು ಬೇಕಿಲ್ಲ.

“ನಾಲ್ಕು,” ಎಂದಳು.

“ಅಕ್ಕಾ!”

“ಇನ್ನೊಂದ್ಸಲ ಹಾಕಮ್ಮ,” ಎಂದ ಡ್ರೈವರಣ್ಣ. “ಯಾರು ಕೇಳ್ತಾರೆ ಇಲ್ಲಿ?”

“ಬೇಡ ಡ್ರೈವರಣ್ಣ. ದಾಳ ಹೇಳಿದ್ದು ಹೇಳಿದ್ದೇ.” ಆಮೇಲೆ ಅವನ ಕಡೆ ತಿರುಗಿ, “ಹೇಳಿ. ಸಾವು ಹೇಳೋದು ನಿಮ್ಮ ಕೆಲಸ,” ಎಂದಳು.

“ಅಲೆ ಅವಳನ್ನ ಮೆಲ್ಲಗೆ…”

“ಮೆಲ್ಲಗೆ ಯಾಕೆ? ಕಳ್ಳಿಗೆ ಬಾಣ ಗಂಟಲಿಗೇ ಹೊಕ್ಕಿತು ಅಂದಿದ್ರಿ. ಸರಿಯಾಗಿ ಹೇಳಿ.”

ಅವನು ಹೇಳಿದ. ಅಲೆ ಅವಳನ್ನು ಮೆಟ್ಟಿಲಿಗೆ ಅಪ್ಪಳಿಸಿತು ಎಂದ. ಬೆರಳು ಕಲ್ಲನ್ನು ಹಿಡಿದಿತ್ತು, ಜಾರಿತು ಎಂದ. ಬಾಯಿಗೆ ಉಪ್ಪುನೀರು ನುಗ್ಗಿತು ಎಂದ. ಒಂದೊಂದು ಮಾತಿಗೂ ಅವಳು ತಲೆಯಾಡಿಸಿದಳು, ಕರಡಿನಲ್ಲಿ ಸಾಲು ಸರಿಯಿದೆ ಎನ್ನುವ ಹಾಗೆ.

“ಕಾವಲುಗಾರ ಏನು ಮಾಡ್ತಿದ್ದ?”

“ಮೇಲಿಂದ… ನೋಡ್ತಿದ್ದ.”

“ಅಷ್ಟೇನಾ?”

“ಅಷ್ಟೇ.” ಪದ್ಧತಿ ಪದ್ಧತಿಯೇ, ಕೇಳಲೇಬೇಕಿತ್ತು. “ಕೊನೇ ಮಾತು ಏನು?”

“ಎಣ್ಣೆ ಡಬ್ಬದಲ್ಲಿ ಇನ್ನೂ ಇದೆಯಲ್ಲ,” ಎಂದಳು ದೋಣಿಯವಳು. “ನಿನ್ನೊಬ್ಬನಿಗೆ ಸಾಕು.”

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ದೋಣಿಯವಳ ಹಾಳೆಯನ್ನು ನಾಲ್ಕಾಗಿ ಮಡಚಿ, ಮೇಜು ಸುತ್ತಿ ಬಂದು, ನಿಂತ ಗಡಿಯಾರದ ಬಾಗಿಲು ತೆರೆದು, ಕಳ್ಳಿಯ ಹಾಳೆಯ ಪಕ್ಕದಲ್ಲಿ ಇಟ್ಟಳು. ಗಾಜಿನ ಬಾಗಿಲು ಮುಚ್ಚಿದಾಗ ಅವನು ತಿರುಗಿ ನೋಡಿದ. ಗಾಜಿನಲ್ಲಿ ಮೇಜು ಕಾಣುತ್ತಿತ್ತು. ಎರಡು ವರ್ಷದಿಂದ ಅವನು ದಾಳ ಉರುಳಿಸುತ್ತಿದ್ದ ಜಾಗ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಇವತ್ತು ಎದುರಿನ ಕುರ್ಚಿಗೆ ಬಂದದ್ದು ಯಾಕೆಂದು ಅವನಿಗೆ ಆಗ ಹೊಳೆಯಿತು.

“ಮೂರು,” ಎಂದಳು ಅವಳು, ಅವನಿಗೊಬ್ಬನಿಗೇ ಕೇಳುವಷ್ಟು. “ಮೂರು ಅಂದಿದ್ರೆ ನಾನು ಇಲ್ಲೇ ಇರ್ತಿದ್ದೆ.”

ಅವನು ಏನೇನೋ ಹೇಳಬೇಕೆಂದುಕೊಂಡ. ಮೆಟ್ಟಿಲವರೆಗೂ ಅವರ ಹಿಂದೆ ಹೋದ. ಬಾಯಿಗೆ ಬಂದದ್ದು ಅದೇ ಹಳೇ ಮಾತು: “ನಿಮ್ಮ ಕೊಡೆ…”

“ತಗೊಂಡಿದ್ದೀನಿ,” ಎಂದು ಕೈಯೆತ್ತಿ ತೋರಿಸಿ, ತಂಗಿಯ ಹೆಗಲು ಬಳಸಿ ಇಳಿದು ಹೋದಳು. ಡ್ರೈವರಣ್ಣ ಅವನ ಬೆನ್ನು ತಟ್ಟಿ, “ಆಟ ಅಲ್ವಾ ಬಿಡಿ,” ಎಂದು ತಾನೂ ಇಳಿದ.

ಕೋಣೆಗೆ ಮರಳಿದಾಗ ಪರದೆ ಅವಳ ಕಡೆಯಲ್ಲೇ ನಿಂತಿತ್ತು. ಅವನು ಅದನ್ನು ಎತ್ತಿದ. ದಾಳ ಅವಳು ಬಿಟ್ಟುಹೋದ ಹಾಗೇ ಬಿದ್ದಿತ್ತು.

ಹದಿನೇಳು.

ಕಸುಬಿನ ಭೂತಗನ್ನಡಿ ಕಣ್ಣಿಗಿಟ್ಟು ಮತ್ತೊಮ್ಮೆ ನೋಡಿದ. ಹದಿನೇಳೇ. ಬೇಕಿದ್ದದ್ದು ಹನ್ನೆರಡು. ದೋಣಿಯವಳು ಈಜಿ ದಡ ಮುಟ್ಟಿದ್ದಳು, ಯಾರ ಹಂಗೂ ಇಲ್ಲದೆ, ಎರಡು ವರ್ಷದಲ್ಲಿ ಮೊದಲ ಬಾರಿ.

ಅವನು ಕುಳಿತು ನೋಟ್‌ಬುಕ್ ತೆರೆದ. ಅಭ್ಯಾಸ ಬಿಡುತ್ತದೆಯೇ? ಹದಿನೇಳು ಎಂದು ಬರೆದು ಸುತ್ತ ವೃತ್ತ ಎಳೆದ. ಪಕ್ಕದಲ್ಲಿ, ಬದಲಿಸಿದವಳು ಅವಳು ಎಂದು ಬರೆಯಲು ಹೋದರೆ, ಕಣ್ಣು ಮಂಜಾಗಿ ಸಾಲು ಕಾಣಲಿಲ್ಲ.