ಸತ್ಕಾರದ ಕಾಯಿ

ಅಂದು ಶ್ರಾವಣದ ಎರಡನೇ ಸೋಮವಾರ. ನಸುಕಿನಲ್ಲಿ ಹಿಡಿದ ಜಿಟಿಜಿಟಿ ಮಳೆ ಆಗಷ್ಟೇ ನಿಂತು, ಮರಾಠಿ ನಾಡಿನ ಕೋಥರೂಡದ ಗುಡ್ಡದ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಬೆಳಗ್ಗೆ ಒಂಬತ್ತಕ್ಕೆ ಒದ್ದೆ ಕೊಡೆ ಮಡಚುತ್ತ ಪ್ರೊಫೆಸರ್ ಮಧುಕರ್ ಠಾಣೆಯ ಮೆಟ್ಟಿಲೇರಿದರು.

ಹಿಂದಿನ ಸಂಜೆ ಕಾಲೇಜಿನ ಕನ್ನಡ ಬಳಗದಲ್ಲಿ ಅವರ ಉಪನ್ಯಾಸವಿತ್ತು. ವಿಷಯ, ಮಾತಿನ ಸ್ವಾತಂತ್ರ್ಯ. ನಡುವೆ ಕೆಲವು ವಿದ್ಯಾರ್ಥಿಗಳು ಫಲಕ ಹಿಡಿದು ಕೂಗಿದ್ದರು. ಕೂಗಿದವರು ಹೊರಗೆ ಹೋಗಲೆಂದು ಸಂಘಟಕರೇ ದೀಪ ಆರಿಸಿದರು. ಮತ್ತೆ ದೀಪ ಹತ್ತಿದಾಗ ಸಿಂಧೂರ ಎಂಬ ವಿದ್ಯಾರ್ಥಿನಿ ಹಣೆ ಒಡೆದು ನೆಲದ ಮೇಲೆ ಬಿದ್ದಿದ್ದಳು.

“ಕಲ್ಲು ಒಗದಾಂವ ಸಂಜು,” ಎಂದರು ಮಧುಕರ್. “ನನಗ ಒಗದದ್ದು, ಆಕಿಗೆ ಬಡೀತು.”

“ನೀವು ನೋಡಿದ್ರೇನ್ರಿ, ಸರ್?” ಇನ್ಸ್‌ಪೆಕ್ಟರ್ ಅಪ್ಪಾಸಾಹೇಬ ಗಡಿಯ ಜತ್ ಕಡೆಯ ಕನ್ನಡಿಗರು, ಕೇಳುವಾಗಲೂ ದನಿ ಏರಿಸುತ್ತಿರಲಿಲ್ಲ.

“ಕತ್ತಲದಾಗ ಹೆಂಗ ನೋಡ್ಲಿ? ಗದ್ದಲದ ಮುಂದಾಳು ಅವನ. ಮತ್ತ್ಯಾರು ಒಗೀತಾರ?”

ಎಫ್‌ಐಆರ್ ದಾಖಲಾಯಿತು. ಹಾಸ್ಟೆಲಿನಿಂದ ಸಂಜುವನ್ನು ಕರೆತಂದರು. ಕೇಸು ಗಟ್ಟಿಯಾದರೆ ಕಾಲೇಜು ಅವನನ್ನು ಹೊರಹಾಕುತ್ತದೆ. ಅದು ಅವನ ಕೊನೆಯ ವರ್ಷ.

“ಕೂಗಿದ್ದು ಖರೆ, ಸಾಹೇಬ್ರ. ಒಗದಿಲ್ಲ. ಸಿಂಧೂರ ನಮ್ಮಾಕಿ. ಎದ್ದು ನಿಂತು ಪ್ರಶ್ನೆ ಕೇಳಿದ್ಲು, ಅಷ್ಟರಾಗ ದೀಪ ಆರಿದ್ವು.”

“ಏನ್ ಪ್ರಶ್ನೆ?”

“ಹೋದ ತಿಂಗಳ ನಮ್ಮ ಬೀದಿ ನಾಟಕ ನಿಲ್ಲಿಸೋ ಆದೇಶಕ್ಕ ಸಹಿ ಹಾಕಿದ್ದು ಮಧುಕರ್ ಸರ್ ಅವ್ರ. ಯಾಕ ಹಾಕಿದ್ರಿ ಅಂತ.”

ಸಭಾಂಗಣಕ್ಕೆ ರಾತ್ರಿಯಿಂದ ಬೀಗವಿತ್ತು. ಪಂಚರ ಸಮಕ್ಷಮ ತೆರೆದು ಪಂಚನಾಮೆ ಮಾಡಿದರು. ಕಾನ್‌ಸ್ಟೆಬಲ್ ಶೀತಲ್ ಕುರ್ಚಿಗಳ ಕೆಳಗೆ ಬಗ್ಗಿ ಹುಡುಕಿದಳು.

“ಕಲ್ಲು ಸಿಕ್ಕಿತ್ರಿ, ಸಾಹೇಬ್ರ. ಕುಂಕುಮ ಹಚ್ಕೊಂಡು ಭಾಷಣಾ ಕೇಳಾಕ ಬಂದದ.”

ಅದು ಬಿರುಕು ಬಿಟ್ಟ ತೆಂಗಿನಕಾಯಿ. ಮೇಲೆ ಜುಟ್ಟು, ಕುಂಕುಮದ ಬೊಟ್ಟು, ಒಣಗಿದ ರಕ್ತ. ಉಪನ್ಯಾಸಕ್ಕೆ ಮುಂಚೆ ವೇದಿಕೆಯ ಮೂವರಿಗೆ ಶಾಲು ಹೊದಿಸಿ ಕಾಯಿ ಕೊಟ್ಟಿದ್ದರು. ಎಸೆದದ್ದು ಕೆಳಗಿನಿಂದಲ್ಲ, ವೇದಿಕೆಯ ಮೇಲಿನಿಂದ.

ಮಧ್ಯಾಹ್ನ ಮೂವರ ಮನೆಗೂ ಹೋದರು. ಮೊದಲ ಇಬ್ಬರ ಕಾಯಿ ದೇವರ ಮುಂದಿತ್ತು. ಮಧುಕರ್ ಅಡುಗೆಮನೆಯಿಂದ ತಂದು ತೋರಿಸಿದರು. ನುಣ್ಣಗೆ ಹೆರೆದ ಕಾಯಿ.

“ಜುಟ್ಟು ಎಲ್ಲಿ ಹೋತ್ರಿ, ಸರ್?”

“ಕೊಡೂಮುಂದನ ಹಿಂಗ ಇತ್ತು.”

“ಬೋಳು ಕಾಯಿ ಕೊಟ್ಟು ಯಾರು ಸತ್ಕಾರ ಮಾಡ್ತಾರ್ರಿ?”

ಅಷ್ಟರಲ್ಲಿ ಶೀತಲ್ ವಸತಿ ಸೊಸೈಟಿಯ ಗೇಟಿನಿಂದ ಬಂದಳು. ಅಲ್ಲಿ ತರಕಾರಿ ಮಾರುವ ರಂಗೂಬಾಯಿಯ ಹೇಳಿಕೆ ಪಡೆದಿದ್ದಳು. “ಇವತ್ತ ಮುಂಜಾನಿ ಸರ್ ಒಂದು ಕಾಯಿ ಒಯ್ದಾರಂತ. ಚಟ್ನಿಗಂತ ಹೇಳಿ ಜುಟ್ಟು ತಗಸ್ಯಾರಂತ.”

ಮಧುಕರ್ ಕಾಯಿಯನ್ನು ಮೇಜಿನ ಮೇಲಿಟ್ಟರು.

“ಮೂವತ್ತು ವರ್ಷ ಇದ ಭಾಷಣಾ ಮಾಡೇನಿ. ಯಾರೂ ಅದನ್ನ ನನ್ನ ಕಡೆ ತಿರುಗಿಸಿ ಕೇಳಿರ್ಲಿಲ್ಲ. ಕತ್ತಲಾತು. ಕೈಯಾಗ ಕಾಯಿ ಇತ್ತು.”

“ಹುಡುಗನ ಹೆಸರು ಯಾಕ ಹೇಳಿದ್ರಿ?”

ಸಂಜೆ ಐದೂವರೆಗೆ ದೂರುದಾರರೇ ಆರೋಪಿಯಾಗಿ ಬಂಧನಕ್ಕೊಳಗಾದರು. ಸಂಜುವನ್ನು ಬಿಟ್ಟು ಕಳಿಸಿದರು.

ಬಂಧಿತರಿಗೆ ವೈದ್ಯಕೀಯ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡು ದಾಟಿ ಹೋಗುವಾಗ ಮಧುಕರ್ ನಿಂತರು. ಹಣೆಯ ಜೊತೆ ಒಂದು ಕಣ್ಣೂ ಮುಚ್ಚುವಂತೆ ಪಟ್ಟಿ ಕಟ್ಟಿಸಿಕೊಂಡು ಸಿಂಧೂರ ಮಲಗಿದ್ದಳು, ಪಕ್ಕದಲ್ಲಿ ಸಂಜು. ಅಪ್ಪಾಸಾಹೇಬ ಅವರ ರಟ್ಟೆ ಹಿಡಿದಿದ್ದ ಕೈ ಸಡಿಲಿಸಿದರು. ಮನುಷ್ಯನಿಗೆ ದೇವರು ತಪ್ಪೊಪ್ಪಿಕೊಳ್ಳುವ ಇಂಥ ಗಳಿಗೆಯನ್ನು ಪದೇ ಪದೇ ಕೊಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

“ಸಹಿ ನಂದ, ಸಿಂಧೂರ. ಪ್ರಿನ್ಸಿಪಾಲ್ ಕುರ್ಚಿ ಕೊಡ್ತೀವಿ ಅಂದಿದ್ರು. ಅದಕ್ಕ ಹಾಕಿದೆ. ನಿಮ್ಮ ನಾಟಕದಾಗ ತಪ್ಪೇನೂ ಇರ್ಲಿಲ್ಲ. ಸಂಜುಂದೂ ತಪ್ಪಿಲ್ಲ.”

ಹುಡುಗಿ ಒಂಟಿ ಕಣ್ಣಿನಿಂದ ಅವರನ್ನು ನೋಡಿದಳು.

“ನಾನು ಕೇಳಿದ್ದು ಎಲ್ಲರ ಮುಂದೆ, ಸರ್. ನಿನ್ನೆ ಹಾಲ್ ತುಂಬಿತ್ತು.”

ಮಧುಕರ್ ವಾರ್ಡಿನ ಕಡೆ ತಿರುಗಿದರು. ಊಟದ ತಟ್ಟೆ ಹಿಡಿದಿದ್ದ ರೋಗಿಗಳು, ಅವರ ಮನೆಯವರು ಕನ್ನಡ ತಿಳಿಯದೆ ಪಿಳಿಪಿಳಿ ನೋಡುತ್ತಿದ್ದರು. ಅವರಿಗೆಲ್ಲ ತಿಳಿಯಲೆಂದು, ಕೊನೆಯ ಮಂಚಕ್ಕೂ ಕೇಳುವಂತೆ, ಅದೇ ಉತ್ತರವನ್ನು ಅವರು ಮರಾಠಿಯಲ್ಲಿ ಮೊದಲಿನಿಂದ ಹೇಳತೊಡಗಿದರು.